ಮಳೆ ರಜೆ ಡಿಗ್ರಿ ಕಾಲೇಜಿಗೂ ಇದೆಯಾ?

ಜುಲೈ ಬಂತೆಂದರೆ ಕರಾವಳಿ, ಮಲೆನಾಡಿನ ಮನೆಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಒಂದೇ ಪ್ರಶ್ನೆ: ‘ನಾಳೆ ರಜೆ ಉಂಟಾ?’ ಶಾಲೆಯ ಮಕ್ಕಳಿಗೆ ಉತ್ತರ ಬೇಗ ಸಿಗುತ್ತದೆ. ಜಿಲ್ಲಾಧಿಕಾರಿಗಳ ಆದೇಶ ವಾಟ್ಸ್‌ಆ್ಯಪ್‌ಗೆ ಬಂದರೆ ಮುಗಿಯಿತು, ಪುಸ್ತಕ ಮಡಚಿಟ್ಟು ಮಲಗಬಹುದು. ಡಿಗ್ರಿ, ಎಂಜಿನಿಯರಿಂಗ್, ಸ್ನಾತಕೋತ್ತರ ವಿದ್ಯಾರ್ಥಿಗಳ ಪಾಡು ಬೇರೆ. ಅದೇ ಆದೇಶವನ್ನು ಎರಡೆರಡು ಸಲ ಓದಿದರೂ ತಮಗೆ ಅನ್ವಯವೋ ಇಲ್ಲವೋ ತಿಳಿಯುವುದಿಲ್ಲ. ಮರುದಿನ ಪರೀಕ್ಷೆಯೂ ಇದ್ದರೆ ಗೊಂದಲ ದುಪ್ಪಟ್ಟು. ರಜೆ ಕೊಡುವವರು ಒಬ್ಬರು, ಪರೀಕ್ಷೆ ಮುಂದೂಡುವವರು ಇನ್ನೊಬ್ಬರು ಎಂಬುದೇ ಇದಕ್ಕೆ ಕಾರಣ.

ರಜೆ ಕೊಡುವ ಅಧಿಕಾರ ಜಿಲ್ಲಾಧಿಕಾರಿಗೆ ಬರುವುದು 2005ರ ವಿಪತ್ತು ನಿರ್ವಹಣಾ ಕಾಯ್ದೆಯಿಂದ. ಈ ಕಾಯ್ದೆಯಂತೆ ಪ್ರತಿ ಜಿಲ್ಲೆಗೂ ಒಂದು ವಿಪತ್ತು ನಿರ್ವಹಣಾ ಪ್ರಾಧಿಕಾರ ಇರುತ್ತದೆ, ಅದಕ್ಕೆ ಡಿಸಿಯೇ ಅಧ್ಯಕ್ಷರು. ಪ್ರಾಧಿಕಾರದಲ್ಲಿ ಪೊಲೀಸ್ ವರಿಷ್ಠಾಧಿಕಾರಿ, ಆರೋಗ್ಯಾಧಿಕಾರಿ ಮೊದಲಾದವರೂ ಇದ್ದಾರೆ. ಆದರೆ ರಾತ್ರಿ ಒಂಬತ್ತಕ್ಕೆ ಎಲ್ಲರನ್ನೂ ಸೇರಿಸಿ ಸಭೆ ನಡೆಸಲು ಆಗುವುದಿಲ್ಲವಲ್ಲ. ಹಾಗಾಗಿ ತುರ್ತಿದ್ದಾಗ ಅಧ್ಯಕ್ಷರೊಬ್ಬರೇ ತೀರ್ಮಾನಿಸಿ, ಪ್ರಾಧಿಕಾರದ ಒಪ್ಪಿಗೆಯನ್ನು ಆಮೇಲೆ ಪಡೆಯಲು ಕಾಯ್ದೆಯಲ್ಲೇ ಅವಕಾಶವಿದೆ. ಆದೇಶವನ್ನು ಸಕಾರಣವಿಲ್ಲದೆ ಮೀರಿದವರಿಗೆ 51ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ರಜೆ ಘೋಷಿಸಿದ ದಿನವೂ ‘ಸ್ಪೆಷಲ್ ಕ್ಲಾಸ್’ ಹೆಸರಿನಲ್ಲಿ ಮಕ್ಕಳನ್ನು ಕರೆಸುವ ಸಂಸ್ಥೆಗಳು ಇದನ್ನು ಗಮನಿಸಬೇಕು.

ಡಿಸಿ ಕಚೇರಿ ಮೊದಲು ನೋಡುವುದು ಹವಾಮಾನ ಇಲಾಖೆಯ ಮುನ್ಸೂಚನೆ. 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಮಳೆಯಾದರೆ ಇಲಾಖೆಯ ಲೆಕ್ಕದಲ್ಲಿ ಭಾರಿ ಮಳೆ. 204.4 ಮಿ.ಮೀ.ವರೆಗೆ ಅತಿ ಭಾರಿ, ಅದನ್ನೂ ದಾಟಿದರೆ ಅತ್ಯಂತ ಭಾರಿ. ಹಳದಿ, ಕಿತ್ತಳೆ, ಕೆಂಪು ಬಣ್ಣಗಳು ಎಚ್ಚರಿಕೆಯ ಮೆಟ್ಟಿಲುಗಳು: ಗಮನವಿಡಿ, ಸಿದ್ಧರಾಗಿ, ಕ್ರಮ ಕೈಗೊಳ್ಳಿ. ರೆಡ್ ಅಲರ್ಟ್ ಬಂದರೆ ರಜೆ ಖಚಿತ ಎಂದು ಅನೇಕರು ನಂಬಿದ್ದಾರೆ, ಆದರೆ ಬಣ್ಣಕ್ಕೂ ರಜೆಗೂ ಅಂಥ ನೇರ ನಂಟಿಲ್ಲ. ವಾರಗಟ್ಟಲೆ ಸುರಿದು ಗುಡ್ಡವೆಲ್ಲ ನೀರು ಕುಡಿದಿದ್ದರೆ, ಹೊಳೆ ತುಂಬಿದ್ದರೆ, ಘಾಟಿಯಲ್ಲಿ ಮಣ್ಣು ಕುಸಿದಿದ್ದರೆ ಕಿತ್ತಳೆ ಬಣ್ಣದ ದಿನವೂ ರಜೆ ಸಿಗಬಹುದು. ತಹಶೀಲ್ದಾರರಿಂದ, ಪೊಲೀಸರಿಂದ ಬರುವ ವರದಿ ನೋಡಿ ಕೆಲವೊಮ್ಮೆ ಒಂದೆರಡು ತಾಲ್ಲೂಕಿಗೆ ಮಾತ್ರ ರಜೆ ಕೊಡುವುದೂ ಇದೆ. ಇದೆಲ್ಲ ಮಳೆಗಾಲಕ್ಕೆ ಮಾತ್ರ ಎಂದುಕೊಳ್ಳಬೇಡಿ. 2024ರ ನವೆಂಬರ್ 30ರಂದು ಪುದುಚೇರಿ ಬಳಿ ದಡ ಮುಟ್ಟಿದ ಫೆಂಗಲ್ ಚಂಡಮಾರುತದ ದೆಸೆಯಿಂದ ಡಿಸೆಂಬರ್ 3ರಂದು ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಮಳೆ ರಜೆ ಇತ್ತು.

ಇನ್ನು ಆದೇಶದ ಒಕ್ಕಣೆ. ಸಾಮಾನ್ಯವಾಗಿ ಅದು ‘ಅಂಗನವಾಡಿ, ಪ್ರಾಥಮಿಕ, ಪ್ರೌಢಶಾಲೆ ಹಾಗೂ ಪದವಿಪೂರ್ವ ಕಾಲೇಜುಗಳಿಗೆ’ ಎಂದು ಶುರುವಾಗುತ್ತದೆ. ಪಟ್ಟಿ ಅಲ್ಲಿಗೇ ನಿಂತರೆ ಡಿಗ್ರಿ ಕಾಲೇಜಿಗೆ ರಜೆ ಇಲ್ಲ. ಪದವಿ, ಸ್ನಾತಕೋತ್ತರ, ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್ ಎಂದು ಮುಂದುವರಿದಿದ್ದರೆ ಇದೆ. ಟಿವಿಯಲ್ಲಿ ಓಡುವ ‘ಶಾಲಾ–ಕಾಲೇಜುಗಳಿಗೆ ರಜೆ’ ಎಂಬ ಸಾಲು ಈ ವ್ಯತ್ಯಾಸವನ್ನು ನುಂಗಿಬಿಡುತ್ತದೆ, ‘ಕಾಲೇಜು’ ಎಂದರೆ ಅಲ್ಲಿ ಪಿಯು ಮಾತ್ರವಾಗಿರಬಹುದು. ಪಟ್ಟಿ ನೋಡಿದ ಮೇಲೆ ದಿನಾಂಕ ನೋಡಬೇಕು. ಹಿಂದಿನ ವರ್ಷದ ಆದೇಶಕ್ಕೆ ಹೊಸ ದಿನಾಂಕ ಅಂಟಿಸಿ ಹರಿಯಬಿಡುವ ಕಿಲಾಡಿಗಳು ಪ್ರತಿ ಮಳೆಗಾಲದಲ್ಲೂ ಹುಟ್ಟಿಕೊಳ್ಳುತ್ತಾರೆ. ಜಿಲ್ಲಾಡಳಿತದ ಅಥವಾ ವಾರ್ತಾ ಇಲಾಖೆಯ ಅಧಿಕೃತ ಖಾತೆಯಲ್ಲಿ ಕಾಣದ ಆದೇಶವನ್ನು ನಂಬದಿರುವುದೇ ಕ್ಷೇಮ.

ಪರೀಕ್ಷೆಯ ದಾರಿ ಬೇರೆ. ವೇಳಾಪಟ್ಟಿ ವಿಶ್ವವಿದ್ಯಾಲಯದ್ದು, ಅದನ್ನು ನಡೆಸುವವರು ಪರೀಕ್ಷಾಂಗ ಕುಲಸಚಿವರು. ಜಿಲ್ಲೆಗೆ ರಜೆ ಘೋಷಣೆಯಾದ ಮೇಲೆ ಅವರು ಕುಲಪತಿಗಳ ಜತೆ ಮಾತಾಡಿ ‘ಇಂದಿನ ಪರೀಕ್ಷೆ ಮುಂದೂಡಲಾಗಿದೆ, ಪರಿಷ್ಕೃತ ದಿನಾಂಕ ನಂತರ ತಿಳಿಸಲಾಗುವುದು’ ಎಂಬ ಸುತ್ತೋಲೆ ಹೊರಡಿಸಬೇಕು. ಅದು ಬರುವವರೆಗೆ ಪರೀಕ್ಷೆ ಇದೆ ಎಂದೇ ಲೆಕ್ಕ. ಈ ಸುತ್ತೋಲೆ ತಡವಾಗುವುದಕ್ಕೆ ಬರೀ ಅಲಕ್ಷ್ಯ ಕಾರಣವಲ್ಲ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವನ್ನೇ ತೆಗೆದುಕೊಳ್ಳಿ. ಬೀದರ್‌ನಿಂದ ಕೊಡಗಿನವರೆಗೆ ಅದರ ಕಾಲೇಜುಗಳಿವೆ. ಒಂದು ವಿಷಯಕ್ಕೆ ಒಂದೇ ಪ್ರಶ್ನೆಪತ್ರಿಕೆ, ಎಲ್ಲೆಡೆ ಒಂದೇ ಹೊತ್ತು. ಕೊಡಗಿನಲ್ಲಿ ಮಾತ್ರ ಪರೀಕ್ಷೆ ನಿಲ್ಲಿಸಿದರೆ ಬೀದರ್‌ನಲ್ಲಿ ಬಿಚ್ಚಿದ ಪ್ರಶ್ನೆಪತ್ರಿಕೆ ಮಧ್ಯಾಹ್ನದೊಳಗೆ ಎಲ್ಲರ ಫೋನಿನಲ್ಲಿರುತ್ತದೆ. ಆಗ ಉಳಿಯುವ ದಾರಿ ಎರಡೇ: ಇಡೀ ರಾಜ್ಯದ ಪರೀಕ್ಷೆ ಮುಂದೂಡುವುದು, ಇಲ್ಲವೇ ಮಳೆ ಜಿಲ್ಲೆಗಳಿಗೆ ಇನ್ನೊಂದು ಪ್ರಶ್ನೆಪತ್ರಿಕೆಯಲ್ಲಿ ಮರುಪರೀಕ್ಷೆ ನಡೆಸುವುದು. ಒಂದೆರಡು ಜಿಲ್ಲೆಗಳ ವ್ಯಾಪ್ತಿಯ ವಿಶ್ವವಿದ್ಯಾಲಯಗಳಿಗೆ ಈ ತಲೆನೋವು ಕಡಿಮೆ. ಸ್ವಾಯತ್ತ ಕಾಲೇಜುಗಳು ತಮ್ಮ ಪ್ರಶ್ನೆಪತ್ರಿಕೆಯನ್ನು ತಾವೇ ತಯಾರಿಸುವುದರಿಂದ ಬೆಳಗ್ಗೆ ಏಳಕ್ಕೂ ನಿರ್ಧರಿಸಬಲ್ಲವು. ನೀಟ್, ಜೆಇಇಯಂಥ ರಾಷ್ಟ್ರಮಟ್ಟದ ಪರೀಕ್ಷೆಗಳ ದಿನಾಂಕವಂತೂ ಜಿಲ್ಲೆಯ ರಜೆಯಿಂದ ತಾನಾಗಿ ಬದಲಾಗುವುದಿಲ್ಲ.

ಗಡಿಯ ಮಕ್ಕಳದು ಇನ್ನೊಂದು ಕಥೆ. ಕಾಸರಗೋಡು, ಮಂಜೇಶ್ವರದ ಕಡೆಯಿಂದ ನಿತ್ಯ ತಲಪಾಡಿ ದಾಟಿ ಮಂಗಳೂರಿನ ಕಾಲೇಜುಗಳಿಗೆ ಬರುವ ಕನ್ನಡದ ಮಕ್ಕಳು ಬಹಳ. ಕಾಸರಗೋಡಿನ ಕಲೆಕ್ಟರ್ ಕೊಟ್ಟ ರಜೆ ಅವರ ಮನೆಯಿರುವ ಊರಿಗೆ, ಕಾಲೇಜಿಗಲ್ಲ. ಮನೆಯ ಮುಂದೆ ನೀರು ನಿಂತಿದ್ದರೂ ಮಂಗಳೂರಿನ ಹಾಜರಿ ಪುಸ್ತಕದಲ್ಲಿ ಆ ದಿನ ಗೈರು. ರಜೆ ಸಂಸ್ಥೆ ಇರುವ ಜಿಲ್ಲೆಯನ್ನು ನೋಡುತ್ತದೆ, ವಿದ್ಯಾರ್ಥಿಯ ವಿಳಾಸವನ್ನಲ್ಲ. ಬೇರೆ ಜಿಲ್ಲೆಯಿಂದ ಘಾಟಿ ಇಳಿದು ಬರುವವರಿಗೂ ಇದೇ ನಿಯಮ.

ವಿಪತ್ತು ಕಾಯ್ದೆ ಎಲ್ಲಿಯವರೆಗೆ ಹೋಗಬಲ್ಲದು ಎಂಬುದು ತೀರ್ಮಾನವಾದದ್ದು ಕೊರೊನಾ ಕಾಲದಲ್ಲಿ. 2020ರ ಮಾರ್ಚ್ 14ರಿಂದ ಕರ್ನಾಟಕದ ವಿಶ್ವವಿದ್ಯಾಲಯಗಳು ಮುಚ್ಚಿದಾಗ ಸರ್ಕಾರ ಹೇಳಿದ್ದು ಒಂದು ವಾರ ಎಂದು. ಅದು ತಿಂಗಳುಗಳಾಯಿತು. ಅಂತಿಮ ವರ್ಷದ ಪರೀಕ್ಷೆಯನ್ನು ಸೆಪ್ಟೆಂಬರ್ 30ರೊಳಗೆ ಮುಗಿಸಿ ಎಂದು ಯುಜಿಸಿ ಜುಲೈನಲ್ಲಿ ಹೇಳಿತು. ಕೆಲವು ರಾಜ್ಯಗಳು ಪರೀಕ್ಷೆಯೇ ಬೇಡ ಎಂದವು. ಆಗಸ್ಟ್ 28ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಸಾರ ಇಷ್ಟು: ರಾಜ್ಯದ ವಿಪತ್ತು ಪ್ರಾಧಿಕಾರ ಯುಜಿಸಿ ಹೇಳಿದ ದಿನಾಂಕವನ್ನು ಮೀರಿ ಪರೀಕ್ಷೆ ಮುಂದೂಡಬಹುದು, ಆದರೆ ಅಂತಿಮ ಪರೀಕ್ಷೆಯನ್ನೇ ಕೈಬಿಟ್ಟು ಪಾಸು ಮಾಡುವ ಹಾಗಿಲ್ಲ.

ಬಂದ್ ದಿನಗಳಲ್ಲೂ ಹೆಚ್ಚುಕಡಿಮೆ ಇದೇ ಯಂತ್ರ ಓಡುತ್ತದೆ. ಕಾವೇರಿ ವಿಚಾರವಾಗಿ 2023ರ ಸೆಪ್ಟೆಂಬರ್ 26ರಂದು ಬೆಂಗಳೂರು ಬಂದ್ ನಡೆದಾಗ ನಗರ ಜಿಲ್ಲೆಯಲ್ಲಿ ಶಾಲಾ–ಕಾಲೇಜುಗಳಿಗೆ ರಜೆ ಕೊಟ್ಟವರೂ ಜಿಲ್ಲಾಧಿಕಾರಿಯೇ.

ನಮ್ಮಲ್ಲಿ ಇಲ್ಲದ್ದು ಎರಡು ಗಂಟೆ ತಡವಾಗಿ ಶುರುಮಾಡುವ ಕ್ರಮ. ಅಮೆರಿಕದ ಹಿಮ ಬೀಳುವ ಊರುಗಳಲ್ಲಿ ಓದುವ ನಮ್ಮ ಮಕ್ಕಳಿಗೆ ಇದು ಗೊತ್ತಿರುತ್ತದೆ: ರಸ್ತೆಯ ಹಿಮ ತೆಗೆಯುವವರೆಗೆ ತರಗತಿ ಇಲ್ಲ, ಹತ್ತು ಗಂಟೆಯ ಮೇಲೆ ಬನ್ನಿ ಎನ್ನುತ್ತಾರೆ. ಬೆಳಗಿನ ಜಾವ ಸುರಿದು ಹತ್ತಕ್ಕೆಲ್ಲ ಬಿಸಿಲು ಬರುವ ದಿನಗಳು ನಮ್ಮಲ್ಲೂ ಬೇಕಾದಷ್ಟಿವೆ. ಆದರೆ ನಮಗೆ ಗೊತ್ತಿರುವುದು ಪೂರ್ತಿ ರಜೆ, ಇಲ್ಲವೇ ಪೂರ್ತಿ ತರಗತಿ.

ಕಾಲೇಜು ಮುಚ್ಚಿದರೂ ಹಾಸ್ಟೆಲ್ ಮುಚ್ಚುವುದಿಲ್ಲ, ಮೆಸ್ ನಡೆಯಲೇಬೇಕು. ತಪ್ಪಿದ ಪಾಠ ಶನಿವಾರ ಮಧ್ಯಾಹ್ನಗಳನ್ನೋ ಭಾನುವಾರಗಳನ್ನೋ ತಿನ್ನುತ್ತದೆ, ಯಾಕೆಂದರೆ ಸೆಮಿಸ್ಟರ್‌ಗೆ ಬೇಕಾದ ಪಾಠದ ದಿನಗಳು ಮಳೆಗಾಗಿ ಕಡಿಮೆಯಾಗುವುದಿಲ್ಲ. ಸಂಸ್ಥೆಗೇ ರಜೆ ಇದ್ದ ದಿನ ಯಾರ ಹಾಜರಿಯ ಲೆಕ್ಕಕ್ಕೂ ಬರುವುದಿಲ್ಲ. ಕಾಲೇಜು ತೆರೆದಿದ್ದು, ರಸ್ತೆ ಮುಳುಗಿ ನೀವು ಬರಲಾಗದ ದಿನವೇ ಶೇಕಡ 75ರ ಹಾಜರಿಗೆ ಪೆಟ್ಟು ಕೊಡುವುದು. ಅಂಥ ದಿನ ನೀರು ನಿಂತ ರಸ್ತೆಯ ಫೋಟೊ ತೆಗೆದು, ಅಂದೇ ಪ್ರಾಂಶುಪಾಲರಿಗೆ ಒಂದು ಸಂದೇಶ ಕಳಿಸಿಡಿ. ತಿಂಗಳು ಕಳೆದ ಮೇಲೆ ಹೇಳುವ ಕಾರಣಕ್ಕಿಂತ ಅದಕ್ಕೆ ತೂಕ ಹೆಚ್ಚು. ಪರೀಕ್ಷೆಯ ದಿನವಾದರೆ ಹೊರಡುವ ಮೊದಲು ವಿಶ್ವವಿದ್ಯಾಲಯದ ವೆಬ್‌ಸೈಟ್ ನೋಡಿ, ಪರೀಕ್ಷಾ ಕೇಂದ್ರಕ್ಕೆ ಫೋನ್ ಮಾಡಿ. ದಾರಿಯ ಸ್ಥಿತಿ ತಿಳಿಯಲು ಜಿಲ್ಲಾ ತುರ್ತು ಕೇಂದ್ರದ 1077 ಇದೆ.

ಡಿಗ್ರಿಯವರನ್ನು ರಜೆಯ ಪಟ್ಟಿಯಿಂದ ಬಿಡುವ ಪದ್ಧತಿಯೇ ನನಗೆ ಸರಿಕಾಣುವುದಿಲ್ಲ. ದೊಡ್ಡವರು, ನಿಭಾಯಿಸುತ್ತಾರೆ ಎಂಬುದು ಇದರ ಹಿಂದಿನ ಎಣಿಕೆ. ಆದರೆ ಪ್ರಾಥಮಿಕ ಶಾಲೆ ಸಾಮಾನ್ಯವಾಗಿ ಊರಲ್ಲೇ ಇರುತ್ತದೆ. ಡಿಗ್ರಿಗೆ ಹೋಗುವ ಹುಡುಗಿ ಕಾಲುಸಂಕ ದಾಟಿ, ಎರಡು ಬಸ್ಸು ಬದಲಿಸಿ ಪೇಟೆಗೆ ಹೋಗಬೇಕು. ಅಪಾಯ ಇರುವುದು ದಾರಿಯಲ್ಲಿ, ವಯಸ್ಸಿನಲ್ಲಲ್ಲ. ಹಾಗೆಯೇ ಬೆಳಗ್ಗೆ ಏಳೂವರೆಗೆ ಬರುವ ರಜೆಯ ಆದೇಶ ಆರೂವರೆಯ ಬಸ್ಸು ಹತ್ತಿದವರಿಗೆ ಉಪಯೋಗಕ್ಕಿಲ್ಲ. ಮುನ್ಸೂಚನೆ ಹಿಂದಿನ ದಿನವೇ ಕೈಗೆ ಬರುತ್ತದೆ. ಅದನ್ನು ನೋಡಿ ಸಂಜೆಯೊಳಗೆ ಡಿಸಿ ಕಚೇರಿ ರಜೆಯನ್ನೂ, ರಾತ್ರಿಯೊಳಗೆ ವಿಶ್ವವಿದ್ಯಾಲಯ ಪರೀಕ್ಷೆಯ ವಿಷಯವನ್ನೂ ಹೇಳಿಬಿಡಲಿ.