ಇಲಿಯ ಹೆಜ್ಜೆ, ಬಾದಾಮಿಯ ಮಂಗ

ಮಿದುಳಿನೊಳಗೆ ಏನೇ ನಡೆದರೂ ಹೊರಗೆ ಕಾಣುವುದು ಮೈಯ ಚಲನೆ. ಪಾರ್ಕಿನ್ಸನ್ ಕಾಯಿಲೆಯನ್ನು ವೈದ್ಯರು ಗುರುತು ಹಿಡಿಯುವುದೂ ಹೆಚ್ಚಾಗಿ ಕೈನಡುಕ, ನಡಿಗೆಯಂಥ ಚಲನೆಯ ಲಕ್ಷಣಗಳಿಂದಲೇ. ಹೀಗಾಗಿ ಪ್ರಾಣಿಗಳ ಓಡಾಟ ಅಳೆಯುವುದು ನರವಿಜ್ಞಾನದ ಹಳೆಯ ಕಸುಬು. ಬಹುಕಾಲ ಅದನ್ನು ಮಾಡಿದ್ದು ಮನುಷ್ಯರ ಕಣ್ಣು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಅವರ ತಂಡ ಕಣಜಗಳ ಮೈಗೆ ಬಣ್ಣದ ಚುಕ್ಕಿ ಇಟ್ಟು, ಯಾವುದು ಏನು ಮಾಡಿತೆಂದು ದಶಕಗಳ ಕಾಲ ಬರೆದಿಟ್ಟಿತು. 2018ರಲ್ಲಿ ಡೀಪ್‌ಲ್ಯಾಬ್‌ಕಟ್ ಎಂಬ ತಂತ್ರಾಂಶ ಬಂದ ಮೇಲೆ ಈ ಕಸುಬು ಬೇರೆಯೇ ಆಯಿತು. ಸುಮಾರು 200 ಚಿತ್ರಗಳಲ್ಲಿ ಇಲಿಯ ಮೂಗು, ಕಿವಿ, ಬಾಲದ ಬುಡವನ್ನು ಗುರುತಿಸಿ ಕೊಟ್ಟರೆ, ಉಳಿದ ಸಾವಿರಾರು ಚಿತ್ರಗಳಲ್ಲಿ ಅದೇ ಹುಡುಕಿಕೊಳ್ಳುತ್ತದೆ. ಮೈಗೆ ಚುಕ್ಕಿ ಬೇಡ, ದುಡ್ಡೂ ಬೇಡ. ಅದರ ಕೋಡ್ ಎಲ್ಲರಿಗೂ ತೆರೆದಿದೆ.

ಕೋಡ್ ತೆರೆದಿರುವುದರಿಂದಲೇ ಅದನ್ನು ತಿದ್ದುವ ಕೆಲಸ ಪದವಿ ವಿದ್ಯಾರ್ಥಿಗೂ ಎಟುಕುತ್ತದೆ ಎಂಬುದು ನನ್ನ ವಾದ. ಇಂಥ ತಂತ್ರಾಂಶ ಸೋಲುವುದು ತಾನು ನೋಡದ್ದನ್ನು ಎದುರಿಸಿದಾಗ. ಪ್ರಯೋಗಾಲಯದ ಸಮ ಬೆಳಕಿನಲ್ಲಿ ಕಲಿತದ್ದು ಬಾದಾಮಿಯ ಕೆಂಪು ಬಂಡೆಯ ಮೇಲೆ, ಅರ್ಧ ನೆರಳು ಅರ್ಧ ಬಿಸಿಲಿನಲ್ಲಿ ಕೂತ ಮಂಗನ ಮೊಣಕೈ ಎಲ್ಲಿದೆಯೆಂದು ತಡವರಿಸುತ್ತದೆ. ಎರಡು ಮಂಗಗಳು ಒಂದನ್ನೊಂದು ದಾಟಿದರಂತೂ ಗುರುತುಗಳೇ ಅದಲುಬದಲಾಗುತ್ತವೆ. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸನ್ನು ಸೆರಗಿನ ಹಾಸಿಗೆ ಎಳೆಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರಲ್ಲ, ಹಾಗೆ ಇಲ್ಲಿ ಒಂದು ಚಿತ್ರದ ಪ್ರಾಣಿಯನ್ನು ಮುಂದಿನ ಚಿತ್ರದ ಅದೇ ಪ್ರಾಣಿಗೆ ಕೂಡಿಸಬೇಕು. ಒಂದು ಕೊಂಡಿ ತಪ್ಪಿದರೆ ಅಲ್ಲಿಂದಾಚೆಗಿನ ಲೆಕ್ಕವೆಲ್ಲ ಬೇರೆ ಮಂಗನದು. ಎಲ್ಲಿ ತಪ್ಪಿತು, ಏಕೆ ತಪ್ಪಿತು ಎಂದು ಹುಡುಕಲು ದೊಡ್ಡ ಯಂತ್ರ ಬೇಡ. ಒಂದು ಕ್ಯಾಮೆರಾ, ಸಾಧಾರಣ ಕಂಪ್ಯೂಟರ್, ತಾಳ್ಮೆ ಸಾಕು. ಬಾದಾಮಿಯ ಸ್ಮಾರಕಗಳ ಬಳಿ ಚಿತ್ರೀಕರಿಸಲು ಪುರಾತತ್ವ ಇಲಾಖೆಯ ಅನುಮತಿಯೂ ಬೇಕೆನ್ನಿ.

ಚಿತ್ರದ ಮೇಲೆ ಚುಕ್ಕಿ ಇಡುವುದು ಗುಮಾಸ್ತಿಕೆ, ಸಂಶೋಧನೆ ಹೇಗಾದೀತು ಎಂದು ಕೇಳುವವರಿದ್ದಾರೆ. ಒಂದೇ ಚಿತ್ರವನ್ನು ಇಬ್ಬರಿಗೆ ಕೊಟ್ಟು ನೋಡಿ: ರೋಮ ಮುಚ್ಚಿದ ಸೊಂಟದ ಕೀಲು ಎಲ್ಲಿದೆಯೆಂಬುದರಲ್ಲಿ ಇಬ್ಬರೂ ಒಪ್ಪುವುದಿಲ್ಲ. ಮನುಷ್ಯರೇ ಒಪ್ಪದ ಕಡೆ ಯಂತ್ರದ ನಿಖರತೆಯನ್ನು ಅಳೆಯುವುದು ಯಾವುದರಿಂದ? ಇದು ಅಂಗರಚನೆ, ಸಂಖ್ಯಾಶಾಸ್ತ್ರ ಎರಡನ್ನೂ ಕೇಳುವ ಪ್ರಶ್ನೆ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಮಿದುಳಿನ ಸಂಕೇತಗಳನ್ನು ದಾಖಲಿಸದೆ ಇದನ್ನು ನರವಿಜ್ಞಾನ ಎನ್ನಬಹುದೇ? ಬರೀ ಚಲನೆ ನೋಡಿ ಮಿದುಳಿನ ಬಗ್ಗೆ ತೀರ್ಪು ಕೊಡಲಾಗದು, ಒಪ್ಪಬೇಕು. ಆದರೆ ಸಂಕೇತ ದಾಖಲಿಸುವವರಿಗೂ ಅದನ್ನು ಹೋಲಿಸಿ ನೋಡಲು ನಂಬಬಹುದಾದ ಚಲನೆಯ ಅಳತೆ ಬೇಕೇ ಬೇಕು. ಅಳತೆಗೋಲು ತಿದ್ದಿದವನ ಪಾಲು ಆ ಶೋಧದಲ್ಲಿ ಇದ್ದೇ ಇರುತ್ತದೆ.

ಈ ಕೆಲಸಕ್ಕೆ ಬೇಕಾದವರು ಬಾದಾಮಿಯ ಆಸುಪಾಸಿನಲ್ಲೇ ಇದ್ದಾರೆ. ಬಾಗಲಕೋಟೆಯಲ್ಲಿ 1963ರಿಂದ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿದೆ, ಅದೇ ಊರಿನಲ್ಲಿ ವೈದ್ಯಕೀಯ ಕಾಲೇಜೂ ಇದೆ. ಹುನಗುಂದ, ಇಳಕಲ್ಲಗಳ ಪದವಿ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಓದುವವರಿಗೆ ಮಂಗನ ವರ್ತನೆ ಗೊತ್ತು, ಎಂಜಿನಿಯರಿಂಗ್ ಹುಡುಗರಿಗೆ ಕೋಡ್ ಗೊತ್ತು. ಇಬ್ಬರೂ ಒಂದೇ ಮೇಜಿಗೆ ಬರುವುದು ಅಪರೂಪ, ಅಷ್ಟೇ. ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1970ರ ದಶಕದಿಂದಲೂ ನೆರವು ಕೊಡುತ್ತ ಬಂದಿದೆ. ಅಂತಿಮ ವರ್ಷದವರಿಗೆ ವಿಷಯ ಹಂಚುವ ಅಧ್ಯಾಪಕರು, ಮತ್ತೊಂದು ಹಾಜರಾತಿ ಆ್ಯಪ್‌ನ ಬದಲು ಈ ಸಲ ಪ್ರಾಣಿಗಳ ಚಲನೆ ಅಳೆಯುವ ತಂತ್ರಾಂಶ ತಿದ್ದುವ ಕೆಲಸವನ್ನು ಪಟ್ಟಿಗೆ ಸೇರಿಸಲಿ.