ಅಜಿಟೇಟರ್ ಬದಲಿಸುವ ಮುನ್ನ ಹಲ್ಲು ಎಣಿಸಿ

ನನ್ನ ಅಕ್ಕನ ಮನೆಯಲ್ಲಿ ಒಂಬತ್ತು ಮಂದಿ. ಅವರಲ್ಲಿ ಹಾಸಿಗೆ ಹಿಡಿದಿರುವ ಅತ್ತೆಯೂ ಒಬ್ಬರು. ಅವರ ಹಾಸು, ಹೊದಿಕೆಗಳನ್ನು ದಿನಕ್ಕೆ ಎರಡು ಬಾರಿಯಾದರೂ ಬದಲಾಯಿಸಲೇಬೇಕು. ಕರಾವಳಿಯ ಮಳೆಗಾಲದಲ್ಲಿ ಬಟ್ಟೆ ಒಣಗಿಸುವುದೇ ಒಂದು ಪರೀಕ್ಷೆ. ಒಗೆಯುವ ಕೆಲಸವನ್ನಾದರೂ ಮೇಲಿನಿಂದ ಬಟ್ಟೆ ಹಾಕುವ ಹಳೆಯ ವಾಶಿಂಗ್ ಮೆಶಿನ್ ಹತ್ತು ವರ್ಷಗಳಿಂದ ತಕರಾರಿಲ್ಲದೆ ಮಾಡಿಕೊಂಡು ಬಂದಿತ್ತು.

ಒಂದು ಜುಲೈ ತಿಂಗಳಲ್ಲಿ ಅದರ ಅಜಿಟೇಟರಿನ ರೆಕ್ಕೆ ಮುರಿಯಿತು. ಅಜಿಟೇಟರ್ ಎಂದರೆ ತೊಟ್ಟಿಯ ನಡುವೆ ಕಂಬದಂತೆ ನಿಂತಿರುತ್ತದಲ್ಲ, ಸುತ್ತಲೂ ರೆಕ್ಕೆಗಳಿದ್ದು ಅತ್ತಿಂದಿತ್ತ ತಿರುಗುತ್ತಾ ಬಟ್ಟೆಯನ್ನು ಕುಲುಕಾಡಿಸುವ ಪ್ಲಾಸ್ಟಿಕ್ ಭಾಗ, ಅದು. ಮುರಿದ ರೆಕ್ಕೆಯ ಚೂಪು ಅಂಚಿಗೆ ಸಿಕ್ಕಿ ಮಕ್ಕಳ ಎರಡು ಅಂಗಿಗಳು ಹರಿದವು. ಅಕ್ಕ ಊರಿನ ಮೆಕ್ಯಾನಿಕ್ ಹುಡುಗನನ್ನು ಕರೆಸಿದಳು. ಕಂಪೆನಿಯ ಅಸಲಿ ಭಾಗ ತರಿಸಲು ಹದಿನೈದು ದಿನ ಬೇಕೆಂದೂ ಬೆಲೆ ಜಾಸ್ತಿಯೆಂದೂ ಹೇಳಿದ ಆತ, "ಗುಜರಿ ಅಂಗಡಿಯಲ್ಲಿ ಬೇರೆ ಕಂಪೆನಿಯದ್ದೊಂದು ಇದೆ ಅಕ್ಕಾ, ಕೂರಿಸಿ ಕೊಡುತ್ತೇನೆ" ಎಂದ. ಹದಿನೈದು ದಿನ ಕೈಯಲ್ಲಿ ಒಗೆಯುವುದನ್ನು ನೆನೆದೇ ಸುಸ್ತಾಗಿದ್ದ ಅಕ್ಕ ಒಪ್ಪಿಕೊಂಡಳು. ಅವಳ ಜಾಗದಲ್ಲಿ ನಾನಿದ್ದರೂ ಒಪ್ಪುತ್ತಿದ್ದೆ.

ಹುಡುಗ ತಂದ ಅಜಿಟೇಟರ್ ನೋಡಲು ಹೆಚ್ಚು ಕಡಿಮೆ ಅದೇ ಗಾತ್ರದ್ದು. ಆದರೆ ಅದರ ಒಳತೂತು ಯಂತ್ರದ ಶಾಫ್ಟಿಗಿಂತ ತುಸು ದೊಡ್ಡದಿತ್ತು. ಆತ ಹಾಲಿನ ಪುಡಿಯ ಖಾಲಿ ಡಬ್ಬದ ತಗಡನ್ನು ಕತ್ತರಿಸಿ, ಶಾಫ್ಟಿಗೆ ಸುತ್ತಿ, ಅದರ ಮೇಲೆ ಅಜಿಟೇಟರನ್ನು ಬಡಿದು ಕೂರಿಸಿ ಬೋಲ್ಟ್ ಬಿಗಿದ. ಯಂತ್ರ ತಿರುಗಿತು. ಅಕ್ಕ ಸಂತೋಷದಿಂದ ಚಹಾ ಮಾಡಿಕೊಟ್ಟಳು.

ಸುಮಾರು ಮೂರು ವಾರ ಎಲ್ಲವೂ ಸರಿಯಿತ್ತು. ಅನಂತರ ಒಗೆಯುವಾಗ 'ಟಕ್ ಟಕ್' ಎಂಬ ಸದ್ದು ಶುರುವಾಯಿತು. ಸದ್ದಿನ ಜೊತೆ ಬದುಕುವುದು ನಮ್ಮ ಹೆಂಗಸರಿಗೆ ಅಭ್ಯಾಸವಾಗಿದೆ, ಮಿಕ್ಸಿಯ ಸದ್ದು, ಫ್ಯಾನಿನ ಸದ್ದು, ಅದರ ಜೊತೆಗೆ ಇದೂ ಒಂದು ಎಂದು ಅಕ್ಕ ಸುಮ್ಮನಾದಳು. ಆದರೆ ಒಂದು ಶುಕ್ರವಾರ ಮಕ್ಕಳು ಜುಮಾಕ್ಕೆ ತೊಡಬೇಕಿದ್ದ ಬಿಳಿ ಅಂಗಿಗಳ ಮೇಲೆ ಕಂದು ಬಣ್ಣದ ಜಿಡ್ಡು ಕಲೆಗಳು ಕಾಣಿಸಿದವು. ಮರುದಿನ ಅತ್ತೆಯ ಹಾಸಿನ ಮೇಲೂ ಅದೇ ಕಲೆ.

ಆಗ ಅವಳು ಭಾವನಿಗೆ ಫೋನ್ ಮಾಡಿದಳು. ಭಾವ ಬಹಳ ವರ್ಷಗಳಿಂದ ಜಿದ್ದಾದಲ್ಲಿ ಗೃಹೋಪಯೋಗಿ ಯಂತ್ರಗಳ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುವವರು. ವಾಶಿಂಗ್ ಮೆಶಿನಿಗೆ ಅರಬಿಯಲ್ಲಿ 'ಗಸ್ಸಾಲ' ಎನ್ನುತ್ತಾರೆ. ನಾವು ಮದ್ರಸದಲ್ಲಿ ಕಲಿತ 'ಗುಸ್ಲ್' ಪದದ ಮೂಲವೇ ಇದಕ್ಕೂ ಮೂಲ. ಆ ಗಸ್ಸಾಲಗಳ ಹೊಟ್ಟೆಯೊಳಗಿನ ಗುಟ್ಟು ಭಾವನಿಗೆ ಬಾಯಿಪಾಠ. ವೀಡಿಯೊ ಕರೆಯಲ್ಲಿ ಸದ್ದು ಕೇಳಿದ ಕೂಡಲೇ ಅವರು, "ಮೊದಲು ಪ್ಲಗ್ ತೆಗಿ, ಇನ್ನು ಒಂದು ಸುತ್ತೂ ತಿರುಗಿಸಬೇಡ" ಎಂದರು.

ಆದರೆ ತಡವಾಗಿತ್ತು. ಗೇರ್ ಬಾಕ್ಸೇ ಹೋಗಿತ್ತು. ಕೆಲವು ನೂರು ರೂಪಾಯಿ ಮತ್ತು ಹದಿನೈದು ದಿನ ಉಳಿಸಲು ಹೋಗಿ, ಕೆಲವು ಸಾವಿರ ರೂಪಾಯಿ ಮತ್ತು ಒಂದೂವರೆ ತಿಂಗಳು ಕಳೆದುಕೊಂಡಂತಾಯಿತು. ಆ ಒಂದೂವರೆ ತಿಂಗಳು ಅತ್ತೆಯ ಹಾಸುಗಳನ್ನು ಅಕ್ಕ ಬಾವಿಕಟ್ಟೆಯ ಕಲ್ಲಿನ ಮೇಲೆ ಒಗೆದಳು. ಅವಳ ಬೆರಳ ಸಂದುಗಳು ಸೋಪಿನ ನೀರಿಗೆ ಹುಣ್ಣಾಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. "ನೀನು ಬಿ.ಎ. ಓದಿದವಳು, ಪತ್ರಿಕೆಗೆ ಏನೇನೋ ಬರೆಯುತ್ತೀ, ಇದನ್ನೂ ಬರಿ" ಎಂದು ಅಂದೇ ಹೇಳಿದ್ದಳು.

ಒಂದು ಪ್ಲಾಸ್ಟಿಕ್ ಕಂಬ ಬದಲಿಸಿದ್ದಕ್ಕೆ ಇಡೀ ಯಂತ್ರ ಹಾಳಾಗುವುದು ಹೇಗೆ? ನನಗೂ ಇದು ಅರ್ಥವಾಗಿರಲಿಲ್ಲ. ಭಾವ ರಜೆಯಲ್ಲಿ ಬಂದಾಗ ಹಳೆಯ ಗೇರ್ ಬಾಕ್ಸನ್ನು ಅಂಗಳದಲ್ಲಿ ಬಿಚ್ಚಿಟ್ಟು ವಿವರಿಸಿದರು.

ಗೇರ್ ಬಾಕ್ಸಿನಿಂದ ಮೇಲಕ್ಕೆ ಬರುವ ಉಕ್ಕಿನ ಶಾಫ್ಟಿನ ತುದಿಯಲ್ಲಿ ಉದ್ದಕ್ಕೂ ಸಣ್ಣ ಸಣ್ಣ ಹಲ್ಲುಗಳಿರುತ್ತವೆ. ಅಜಿಟೇಟರಿನ ಒಳತೂತಿನಲ್ಲೂ ಅಷ್ಟೇ ಹಲ್ಲುಗಳು. ಎರಡೂ ಒಂದಕ್ಕೊಂದು ಕಚ್ಚಿಕೊಂಡರೆ ಮಾತ್ರ ಶಾಫ್ಟ್ ತಿರುಗಿದಂತೆ ಅಜಿಟೇಟರ್ ತಿರುಗುತ್ತದೆ. ಮೇಲಿನ ಬೋಲ್ಟ್ ಅದನ್ನು ಮೇಲೇಳದಂತೆ ಹಿಡಿದಿಡುತ್ತದೆ, ಅಷ್ಟೆ. ಬಟ್ಟೆ ಮತ್ತು ನೀರಿನ ಭಾರವನ್ನೆಲ್ಲ ಹೊರುವುದು ಆ ಹಲ್ಲುಗಳೇ. ಹಲ್ಲಿನ ಸಂಖ್ಯೆ, ಶಾಫ್ಟಿನ ದಪ್ಪ, ಹಲ್ಲಿನ ಆಳ ಇವುಗಳಲ್ಲಿ ಒಂದು ಬೇರೆಯಾದರೂ ಹಿಡಿತ ಸಡಿಲ. ಇನ್ನೊಂದು ವಿಷಯ, ಶಾಫ್ಟ್ ಉಕ್ಕಿನದ್ದು, ಅಜಿಟೇಟರ್ ಪ್ಲಾಸ್ಟಿಕ್ಕಿನದ್ದು. ಸವೆಯುವುದಾದರೆ ಅಗ್ಗದ ಪ್ಲಾಸ್ಟಿಕ್ ಮೊದಲು ಸವೆದು ಶಾಫ್ಟ್ ಉಳಿಯುತ್ತದೆ. ನಡುವೆ ಡಬ್ಬದ ತಗಡು ಸೇರಿಸಿದಾಗ ಲೋಹಕ್ಕೆ ಲೋಹ ಉಜ್ಜಿ, ಉಳಿಯಬೇಕಾದ ಶಾಫ್ಟಿನ ಹಲ್ಲೇ ಸವೆಯಿತು.

ಸರಿಯಾಗಿ ಕೂರದ ಅಜಿಟೇಟರ್ ಓಲಾಡುತ್ತಾ ತಿರುಗುತ್ತದೆ. ಓಲಾಡಿದಾಗಲೆಲ್ಲ ಶಾಫ್ಟನ್ನು ಪಕ್ಕಕ್ಕೆ ತಳ್ಳುತ್ತದೆ. ಶಾಫ್ಟಿನ ಸುತ್ತ ನೀರು ಕೆಳಗಿಳಿಯದಂತೆ ತಡೆಯುವ ರಬ್ಬರ್ ಸೀಲ್ ಇರುತ್ತದೆ. ದಿನವೂ ಸಾವಿರಾರು ಬಾರಿ ಪಕ್ಕಕ್ಕೆ ತಳ್ಳಿಸಿಕೊಂಡ ಸೀಲ್ ಬಿಟ್ಟುಹೋಗುತ್ತದೆ. ಆಗ ನೀರು ಗೇರ್ ಬಾಕ್ಸಿಗೆ ಇಳಿಯುತ್ತದೆ, ಗೇರ್ ಬಾಕ್ಸಿನ ಎಣ್ಣೆ ಮೇಲೆ ಬಂದು ಬಟ್ಟೆಗೆ ತಾಗುತ್ತದೆ. ಜುಮಾದ ಅಂಗಿಯ ಮೇಲಿದ್ದ ಕಂದು ಕಲೆ ಅದೇ. ಹಾಗಾಗಿ ಸಹೋದರಿಯರೇ, ಯಂತ್ರದಿಂದ ತೆಗೆದ ಬಟ್ಟೆಯಲ್ಲಿ ಜಿಡ್ಡಿನ ಕಲೆ ಕಂಡರೆ ಸೋಪಿನ ಪುಡಿಯನ್ನು ದೂರಿ ಸುಮ್ಮನಾಗಬೇಡಿ.

ಹಲ್ಲು ಹೊಂದಿದರೂ ಸಾಲದು ಎಂದರು ಭಾವ. ಅಜಿಟೇಟರಿನ ಕೆಳಗಿನ ಲಂಗದಂತಹ ಭಾಗ ತುಸು ಅಗಲವಾದರೂ ತೊಟ್ಟಿಯ ತಳಕ್ಕೆ ಉಜ್ಜುತ್ತದೆ. ಕಿರಿದಾದರೆ ಸಂದಿಯಲ್ಲಿ ಕಾಲುಚೀಲ, ಕರವಸ್ತ್ರಗಳು ಸಿಕ್ಕಿಕೊಳ್ಳುತ್ತವೆ. ಎತ್ತರವೂ ತೊಟ್ಟಿಗೆ ತಕ್ಕಂತಿರಬೇಕು. ಒಂದೇ ಕಂಪೆನಿಯೂ ಸಣ್ಣ ತೊಟ್ಟಿಗೆ ಗಿಡ್ಡದ್ದು, ದೊಡ್ಡ ತೊಟ್ಟಿಗೆ ಉದ್ದದ್ದು ಎಂದು ಬೇರೆ ಬೇರೆ ಮಾಡುತ್ತದೆ. ಜೊತೆಗೆ ಕೆಲವು ಯಂತ್ರಗಳ ಶಾಫ್ಟ್ ಸಣ್ಣ ಅಳತೆಯಲ್ಲಿ ವೇಗವಾಗಿ ಅತ್ತಿತ್ತ ಆಡುತ್ತದೆ, ಕೆಲವುಗಳದ್ದು ಉದ್ದ ಸುತ್ತಿನಲ್ಲಿ ನಿಧಾನವಾಗಿ. ರೆಕ್ಕೆಗಳ ಆಕಾರ ಆಯಾ ಚಲನೆಗೆ ಹೊಂದಿಕೊಂಡಿರುತ್ತದೆ. ಅದಲು ಬದಲಾದರೆ ಒಂದೋ ಕೊಳೆ ಹೋಗದು, ಇಲ್ಲವೇ ಬಟ್ಟೆ ಹಗ್ಗದಂತೆ ಹೊಸೆದುಕೊಳ್ಳುತ್ತದೆ.

ಹಾಗಾದರೆ ಒಂದು ಬ್ರ್ಯಾಂಡಿನದ್ದು ಇನ್ನೊಂದಕ್ಕೆ ಯಾವತ್ತೂ ಆಗುವುದೇ ಇಲ್ಲವೇ? ಆಗುತ್ತದೆ. ಇಲ್ಲಿಯೇ ವಿಷಯ ಸ್ವಾರಸ್ಯವಾಗುವುದು. ಯಂತ್ರದ ಮೇಲಿನ ಹೆಸರು ಬೇರೆ, ಅದನ್ನು ತಯಾರಿಸಿದ ಕಾರ್ಖಾನೆ ಬೇರೆ.

ಅಜಿಟೇಟರಿನ ತವರು ಅಮೆರಿಕ ಎನ್ನಬಹುದು. ಮೊದಲಿನ ಯಂತ್ರಗಳಲ್ಲಿ ಬಟ್ಟೆ ಕುಲುಕುವ ಕಾಲುಗಳು ಮುಚ್ಚಳಕ್ಕೆ ತೂಗಿಕೊಂಡಿದ್ದವು. 1922ರಲ್ಲಿ ಅಯೋವಾ ರಾಜ್ಯದ ನ್ಯೂಟನ್ ಪಟ್ಟಣದ ಮೇಟ್ಯಾಗ್ ಕಂಪೆನಿಯಲ್ಲಿ ಹೊವಾರ್ಡ್ ಸ್ನೈಡರ್ ಎಂಬವರು ಅದನ್ನು ತೊಟ್ಟಿಯ ತಳಕ್ಕೆ ತಂದ 'ಗೈರಾಫೋಮ್' ಯಂತ್ರವನ್ನು ರೂಪಿಸಿದರು. ಮುಂದೆ ಅನೇಕ ಕಂಪೆನಿಗಳು ತಮ್ಮದೇ ಅಳತೆಯ ಶಾಫ್ಟ್, ತಮ್ಮದೇ ಬಗೆಯ ಜೋಡಣೆ ಮಾಡಿಕೊಂಡವು. ಎಲ್ಲರಿಗೂ ಒಂದೇ ಎಂಬ ಅಳತೆ ಬರಲೇ ಇಲ್ಲ.

ಅದೇ ದೇಶದ ಸಿಯರ್ಸ್ ಅಂಗಡಿಗಳು 'ಕೆನ್ಮೋರ್' ಎಂಬ ಹೆಸರಿನಲ್ಲಿ ಯಂತ್ರ ಮಾರುತ್ತಿದ್ದವು. ಸಿಯರ್ಸ್ ಸ್ವತಃ ಅವುಗಳನ್ನು ತಯಾರಿಸುತ್ತಿರಲಿಲ್ಲ. ದಶಕಗಳ ಕಾಲ ಹೆಚ್ಚಿನವು ವರ್ಲ್‌ಪೂಲ್ ಕಂಪೆನಿಯಲ್ಲಿ ತಯಾರಾದವು. ಆದ್ದರಿಂದ 1980ರ ದಶಕದಲ್ಲಿ ಆರಂಭವಾಗಿ ಸುಮಾರು ಮೂರು ದಶಕ ನಡೆದ, ಬೆಲ್ಟ್ ಇಲ್ಲದ 'ಡೈರೆಕ್ಟ್ ಡ್ರೈವ್' ಯಂತ್ರಗಳಲ್ಲಿ ತೊಟ್ಟಿಯ ಗಾತ್ರ ಒಂದೇ ಆಗಿದ್ದರೆ ವರ್ಲ್‌ಪೂಲಿನ ಅಜಿಟೇಟರ್ ಕೆನ್ಮೋರಿಗೂ ಕೂರುತ್ತದೆ. ಅದೇ ಮನೆಯ ರೋಪರ್ ಯಂತ್ರಗಳಿಗೂ ಅಷ್ಟೆ. ಆದರೆ ಕೆನ್ಮೋರ್ ಎಂದು ಬರೆದಿರುವುದೆಲ್ಲ ವರ್ಲ್‌ಪೂಲ್ ಎಂದು ನಂಬಿದರೂ ಮೋಸವೇ. ಮಾಡೆಲ್ ಸಂಖ್ಯೆ 110 ಎಂದು ಆರಂಭವಾದರೆ ಅದು ವರ್ಲ್‌ಪೂಲ್ ತಯಾರಿಕೆ, 796 ಆದರೆ ಎಲ್‌ಜಿ. ಒಂದೇ ಹೆಸರಿನ ಎರಡು ಯಂತ್ರಗಳೊಳಗೆ ಬೇರೆ ಬೇರೆ ಮನೆತನ!

ಮೇಟ್ಯಾಗಿನ ಕತೆ ಇನ್ನೂ ವಿಚಿತ್ರ. 2006ರಲ್ಲಿ ವರ್ಲ್‌ಪೂಲ್ ಮೇಟ್ಯಾಗನ್ನು ಕೊಂಡುಕೊಂಡಿತು. ಮರುವರ್ಷ ನ್ಯೂಟನ್ನಿನ ಕಾರ್ಖಾನೆ ಮುಚ್ಚಿತು. ಅಲ್ಲಿಂದೀಚೆಗೆ ಮೇಟ್ಯಾಗ್ ಹೆಸರಿನಲ್ಲಿ ಬಂದ ಯಂತ್ರಗಳ ಒಳಗಿರುವುದು ವರ್ಲ್‌ಪೂಲಿನ ಜೋಡಣೆ. ಅಂದರೆ ಹಳೆಯ ಮೇಟ್ಯಾಗಿನ ಅಜಿಟೇಟರ್ ಹೊಸ ಮೇಟ್ಯಾಗಿಗೆ ಆಗದು. ಹೆಸರು ನೋಡಿ ಭಾಗ ಕೊಂಡವರು ಇಲ್ಲಿಯೇ ಎಡವುವುದು.

ಇನ್ನೊಂದು ಮಾತು. ಅಜಿಟೇಟರ್ ಕೆಟ್ಟಿದೆ ಎನ್ನುವ ಎಷ್ಟೋ ಸಂದರ್ಭಗಳಲ್ಲಿ ಕೆಟ್ಟಿರುವುದು ಅಜಿಟೇಟರೇ ಅಲ್ಲ. ಎರಡು ತುಂಡಿನ ಅಜಿಟೇಟರುಗಳಲ್ಲಿ ಕೆಳಭಾಗ ಅತ್ತಿತ್ತ ಆಡಿದರೆ, ಸ್ಕ್ರೂವಿನಂತಿರುವ ಮೇಲ್ಭಾಗ ಒಂದೇ ದಿಕ್ಕಿಗೆ ತಿರುಗುತ್ತಾ ಬಟ್ಟೆಯನ್ನು ಕೆಳಕ್ಕೆ ಎಳೆಯುತ್ತದೆ. ಒಂದೇ ದಿಕ್ಕಿಗೆ ತಿರುಗುವಂತೆ ಮಾಡುವುದು ಒಳಗಿರುವ ಪುಟ್ಟ ಪ್ಲಾಸ್ಟಿಕ್ ಕಚ್ಚುಗಳು, ವರ್ಲ್‌ಪೂಲಿನ ಡೈರೆಕ್ಟ್ ಡ್ರೈವಿನಲ್ಲಿ ಇವು ನಾಲ್ಕು. ಇವು ಸವೆದರೆ ಮೇಲ್ಭಾಗ ಸುಮ್ಮನೆ ನಿಂತುಬಿಡುತ್ತದೆ. ಮೇಲಿನ ಟೋಪಿ ತೆಗೆದು, ಒಂದು ಬೋಲ್ಟ್ ಬಿಚ್ಚಿ, ನಾಲ್ಕು ಕಚ್ಚು ಬದಲಿಸಿದರೆ ಮುಗಿಯಿತು. ಜಿದ್ದಾದಲ್ಲಿ ಇದಕ್ಕಾಗಿ ಇಡೀ ಅಜಿಟೇಟರನ್ನೇ ಹುಡುಕಿಕೊಂಡು ಬಂದ ಗಿರಾಕಿಗಳನ್ನು ಎಷ್ಟೋ ಬಾರಿ ವಾಪಸು ಕಳುಹಿಸಿದ್ದೇನೆ ಎಂದು ಭಾವ ನಕ್ಕರು. ಹಾಗೆ ವಾಪಸು ಕಳುಹಿಸುವ ಅಂಗಡಿಯವರು ಎಲ್ಲೆಡೆ ಸಿಗುತ್ತಾರೆಯೇ ಎಂಬುದು ಬೇರೆ ಪ್ರಶ್ನೆ.

ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿರುವುದು ಕಂಬದ ಅಜಿಟೇಟರ್ ಅಲ್ಲ, ತಳದಲ್ಲಿ ತಟ್ಟೆಯಂತಿರುವ ಪಲ್ಸೇಟರ್. ಅದಕ್ಕೂ ಇದೇ ಲೆಕ್ಕ. ಸೆಮಿ ಆಟೊಮ್ಯಾಟಿಕ್ ಯಂತ್ರಗಳ ಪಲ್ಸೇಟರನ್ನು ಬಿಡಿಭಾಗದ ಅಂಗಡಿಗಳಲ್ಲಿ ತಟ್ಟೆಯ ಅಗಲ ಮತ್ತು ಹಲ್ಲಿನ ಸಂಖ್ಯೆ ಕೇಳಿಯೇ ಕೊಡುತ್ತಾರೆ. ಒಂದೇ ಬಗೆಯ ಗೇರ್ ಬಾಕ್ಸ್ ಹಲವು ಹೆಸರಿನ ಯಂತ್ರಗಳಲ್ಲಿ ಇರುವುದರಿಂದ ಇಲ್ಲಿ ಬೇರೆ ಬ್ರ್ಯಾಂಡಿನದ್ದು ಹೊಂದುವುದುಂಟು. ಆದರೆ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಬೇಕು. ಪಲ್ಸೇಟರ್ ಯಂತ್ರಕ್ಕೆ ಕಂಬದ ಅಜಿಟೇಟರ್ ಕೂರಿಸುವ ಸಾಹಸವನ್ನಂತೂ ಯಾರು ಹೇಳಿದರೂ ಮಾಡಬಾರದು. ಆ ಮೋಟಾರು ಆ ಭಾರಕ್ಕಾಗಿ ಮಾಡಿದ್ದಲ್ಲ.

ಬಿಚ್ಚುವ ಕೆಲಸದ ಬಗ್ಗೆಯೂ ಒಂದೆರಡು ಮಾತು. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಹೊರಗೆಳೆಯಬೇಕು. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಯಂತ್ರದ ಒಳಕ್ಕೆ ಕೈ ಹಾಕುವುದು ಬೇಡ. ಮೋಟಾರಿನ ಬಳಿಯ ಕೆಪಾಸಿಟರಿನಲ್ಲಿ ಪ್ಲಗ್ ತೆಗೆದ ಮೇಲೂ ವಿದ್ಯುತ್ ಉಳಿದಿರಬಹುದು, ಆ ಭಾಗವನ್ನು ಮೆಕ್ಯಾನಿಕ್‌ಗೆ ಬಿಡಿ. ಬೋರ್‌ವೆಲ್ಲಿನ ಗಡಸು ನೀರು ಬಳಸುವ ಮನೆಗಳಲ್ಲಿ ಉಪ್ಪು ಕಟ್ಟಿ ಅಜಿಟೇಟರ್ ಶಾಫ್ಟಿಗೆ ಅಂಟಿಕೊಂಡಿರುತ್ತದೆ. ಸುತ್ತಿಗೆಯಿಂದ ಬಡಿಯುವ ಬದಲು ಬಿಸಿನೀರು ಹಾಕಿ ಸ್ವಲ್ಪ ಹೊತ್ತು ಬಿಟ್ಟು, ಕೆಳಗಿನ ಅಂಚಿಗೆ ಹಗ್ಗವನ್ನೋ ಹಳೆಯ ಬೆಲ್ಟನ್ನೋ ಎರಡು ಕಡೆಯಿಂದ ಸಿಕ್ಕಿಸಿ ನೇರ ಮೇಲಕ್ಕೆ ಎಳೆದರೆ ಹೆಚ್ಚಾಗಿ ಬರುತ್ತದೆ.

ಯಂತ್ರದ ಹಿಂಭಾಗದಲ್ಲಿಯೋ ಮುಚ್ಚಳದ ಅಡಿಯಲ್ಲಿಯೋ ಮಾಡೆಲ್ ಸಂಖ್ಯೆಯ ಚೀಟಿ ಅಂಟಿಸಿರುತ್ತದೆ. ನೀರು ಬಿದ್ದು ಅಕ್ಷರ ಅಳಿಯುವ ಮುನ್ನ ಇಂದೇ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಭಾಗ ತರಿಸುವಾಗ ಆ ಸಂಖ್ಯೆಯೇ ಆಧಾರ. ಅಂಗಡಿಯವನು "ಆಗುತ್ತದೆ, ಕೊಂಡುಹೋಗಿ" ಎಂದರೆ, ಆಗದಿದ್ದಲ್ಲಿ ವಾಪಸು ತೆಗೆದುಕೊಳ್ಳುವಿರಾ ಎಂದು ಮೊದಲೇ ಕೇಳಿ. ಕೇಳಲು ಸಂಕೋಚಪಡಬೇಡಿ, ಹಣ ನಮ್ಮದು, ಆಮೇಲೆ ಒಗೆಯುವ ಕೈಯೂ ನಮ್ಮದೇ.

ಅಕ್ಕನ ಯಂತ್ರ ಈಗ ಅಸಲಿ ಅಜಿಟೇಟರ್ ಮತ್ತು ಹೊಸ ಗೇರ್ ಬಾಕ್ಸಿನೊಂದಿಗೆ ನಡೆಯುತ್ತಿದೆ. ಆ ಮೆಕ್ಯಾನಿಕ್ ಹುಡುಗನ ಮೇಲೆ ನಾನು ಸಿಟ್ಟಾಗಿದ್ದೆ, ಆದರೆ ಭಾವ ಅವನನ್ನು ಮನೆಗೆ ಕರೆಸಿ, ಬೈಯದೆ, ಸವೆದ ಶಾಫ್ಟನ್ನು ಕೈಗೆ ಕೊಟ್ಟು ಹಲ್ಲು ಎಣಿಸಲು ಹೇಳಿದರು. ಹುಡುಗ ಎರಡು ಸಲ ಎಣಿಸಿದ, ಎರಡು ಸಲವೂ ಲೆಕ್ಕ ಬೇರೆ ಬಂತು, ಅಷ್ಟು ಸವೆದಿತ್ತು ಅದು. ಮೊನ್ನೆ ನಮ್ಮ ಮನೆಯ ಯಂತ್ರ ನೀರು ಸುರಿಸಿದಾಗ ಅವನಿಗೇ ಫೋನ್ ಮಾಡಿದೆ. "ಅಕ್ಕಾ, ಮೊದಲು ಹಿಂದಿನ ಚೀಟಿಯ ಫೋಟೊ ಕಳಿಸಿ, ಆಮೇಲೆ ಬರುತ್ತೇನೆ" ಎಂದ.