ಮೀನಿನ ಹೊಂಡಕ್ಕೆ ನಸುಕಿನ ಪರೀಕ್ಷೆ

2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಮಳೆಯಾಶ್ರಿತ ಸೀಮೆಗಳಲ್ಲಿ ಕೃಷಿ ಹೊಂಡಗಳು ಹೆಚ್ಚಿದವು. ನಮ್ಮ ಶೆಟ್ಟಿಕೆರೆಯಂತಹ ತೆಂಗಿನ ನಾಡಿನಲ್ಲಿ ಬೇಸಿಗೆಯ ನೀರಿಗೆಂದು ತೆಗೆದ ಹೊಂಡದಲ್ಲಿ ಕಾಟ್ಲಾ, ರೋಹು, ಗೆಂಡೆ ಮರಿ ಬಿಟ್ಟರೆ ಕೈಗೆ ನಾಲ್ಕು ಕಾಸೂ ಸೇರುತ್ತದೆ. ಆದರೆ ನೀರು ಕೆಟ್ಟರೆ ವರ್ಷದ ಮೀನು ಒಂದೇ ರಾತ್ರಿಯಲ್ಲಿ ತೇಲಬಹುದು. ಪಟ್ಟಣದವರು ಅಂಗಳದ ಕೊಳದಲ್ಲಿ ಸಾಕುವ ಬಣ್ಣದ ಕೋಯ್ ಮೀನೂ ಗೆಂಡೆಯ ಬಳಗದ್ದೇ. ಅದಕ್ಕೂ ಇದೇ ಎಚ್ಚರ ಬೇಕು.

ನೀರಿನ ಹಸಿರು ಪಾಚಿ ಹಗಲು ಬಿಸಿಲಿನಲ್ಲಿ ಆಮ್ಲಜನಕ ಕೊಡುತ್ತದೆ. ರಾತ್ರಿ ತಾನೇ ಅದನ್ನು ಬಳಸುತ್ತದೆ. ಆದ್ದರಿಂದ ನಸುಕಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಮೋಡ ಕವಿದ ದಿನದ ಮರುದಿನ ಇನ್ನೂ ಕಡಿಮೆ. ಆ ಹೊತ್ತಿನಲ್ಲಿ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಆಹಾರ ನಿಲ್ಲಿಸಿ. ಪಂಪಿನಿಂದ ಹೊಂಡದ ನೀರನ್ನೇ ಎತ್ತರದಿಂದ ಸುರಿಯಿರಿ. ಕರೆಂಟ್ ಇಲ್ಲದಿದ್ದರೆ ಗಳದಿಂದ ನೀರು ಬಡಿಯಿರಿ.

ಹಗಲಿನ ಪರೀಕ್ಷೆ ಇನ್ನೂ ಸುಲಭ. ಮೊಣಕೈವರೆಗೆ ಕೈ ಇಳಿಸಿ. ಅಂಗೈ ಆಗ ಮರೆಯಾದರೆ ಹಸಿರು ಹದವಾಗಿದೆ. ಮಣಿಕಟ್ಟು ಮುಳುಗುವಷ್ಟರಲ್ಲೇ ಮರೆಯಾದರೆ ಹಸಿರು ಹೆಚ್ಚಾಗಿದೆ. ಸಗಣಿ, ಗೊಬ್ಬರ ಹಾಕುವುದನ್ನು ನಿಲ್ಲಿಸಿ.

ತೌಡು, ಹಿಂಡಿಯನ್ನು ಮೀನು ಅರ್ಧ ಗಂಟೆಯಲ್ಲಿ ತಿಂದು ಮುಗಿಸುವಷ್ಟೇ ಹಾಕಬೇಕು. ಉಳಿದದ್ದು ತಳದಲ್ಲಿ ಕೊಳೆತು ಅಮೋನಿಯಾ ಆಗಿ ಮೀನಿಗೆ ವಿಷವಾಗುತ್ತದೆ. ಚದರ ಮೀಟರಿಗೆ ಒಂದು ಮರಿ ಮೀರದಿರಲಿ. ಉದುರಿದ ಗರಿಯನ್ನು ಕೂಡಲೇ ತೆಗೆಯಿರಿ. ಹೊಂಡದಲ್ಲಿ ತೆಂಗಿನ ಮಟ್ಟೆ ನೆನೆಸಲೇಬಾರದು. ಕೊಳೆಯುವ ಮಟ್ಟೆಯೂ ಆಮ್ಲಜನಕ ನುಂಗುತ್ತದೆ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತು ಮೀನಿಗೆ ವಿಷ. ಡ್ರಮ್ಮು, ಪಂಪುಗಳನ್ನು ಅಲ್ಲಿ ತೊಳೆಯಕೂಡದು.

ಕೊಳವೆ ಬಾವಿಯ ನೀರಿನಲ್ಲಿ ಆಮ್ಲಜನಕ ಕಡಿಮೆಯಿರುವುದು ಸಾಮಾನ್ಯ. ಅದನ್ನು ಕಲ್ಲಿನ ಮೇಲೆ ಚಿಮ್ಮುವಂತೆ ಬೀಳಿಸಿ ಹೊಂಡಕ್ಕೆ ಬಿಡಿ.

ನೀರು ಬದಲಾಯಿಸುವುದು ನಷ್ಟವಲ್ಲ. ವಾರಕ್ಕೊಮ್ಮೆ ತಳದ ನೀರನ್ನು ಹತ್ತರಲ್ಲಿ ಒಂದು ಪಾಲಿನಷ್ಟು ತೆಂಗಿನ ಪಾತಿಗೆ ಹಾಯಿಸಿ, ಅಷ್ಟೇ ಹೊಸ ನೀರು ತುಂಬಿಸಿ. ಮೀನಿನ ಹಿಕ್ಕೆ ಬೆರೆತ ಆ ನೀರು ಮರಕ್ಕೆ ಗೊಬ್ಬರವೇ ಸರಿ. ತುಂಬಿಸಲು ನೀರಿಲ್ಲದೆ ಹೊಂಡ ಮೂರಡಿಗೆ ಇಳಿಯುತ್ತಿದ್ದರೆ ಕಾಯಬೇಡಿ. ಮೀನು ಹಿಡಿದು ಮಾರಿಬಿಡಿ. ಉಳಿದ ನೀರು ತೆಂಗಿಗಿರಲಿ. ಬೇಸಿಗೆಯಲ್ಲಿ ಮರ ಮೊದಲು, ಮೀನು ಆಮೇಲೆ.

ಬೆಳೆಗಾರ ಬಂಧುಗಳು ದಿನವೂ ಹಾಲು ಕರೆಯುವ ಹೊತ್ತಿಗೆ ಒಮ್ಮೆ ಹೊಂಡದ ಏರಿಗೆ ಹೋಗಿಬಂದರೆ ಸಾಕು. ಇದಕ್ಕೆ ಖರ್ಚಿಲ್ಲ.